ಟ್ರಯಲ್ ಗೆದ್ದ ನಾಯಿಯ ಮರಿಯೋ, ಶಿಕಾರಿಯಲ್ಲಿ ದುಡಿದ ನಾಯಿಯ ಮರಿಯೋ?

ಸೇಡಂಕಲ್ಲು

ನಮ್ಮ ಭಾವನಿಗೆ ಲ್ಯಾಬ್ರಡಾರ್ ಮರಿ ಬೇಕಾಗಿದೆ. ಹೈದರಾಬಾದಿನ ಒಬ್ಬ ಬ್ರೀಡರ್ ಹತ್ತಿರ ಎರಡು ಥರದ ಮರಿಗಳಿವೆಯಂತೆ. ಒಂದು ಸಾಮಾನ್ಯ ಮರಿ. ಇನ್ನೊಂದು 'ಫೀಲ್ಡ್ ಟ್ರಯಲ್ ಲೈನ್', ಅಂದರೆ ಬೇಟೆನಾಯಿಗಳ ಬಯಲು ಪಂದ್ಯದಲ್ಲಿ ಗೆದ್ದವುಗಳ ವಂಶ, ಅದಕ್ಕೆ ಮೂರು ಪಟ್ಟು ರೇಟು. ವಂಶದ ಪಟ್ಟಿಯಲ್ಲಿ ಅಜ್ಜ, ಮುತ್ತಜ್ಜನ ಹೆಸರಿನ ಮುಂದೆ ಇಂಗ್ಲೆಂಡಿನ ಚಾಂಪಿಯನ್ ಅಂತ ಬರೆದಿದೆ.

ಭಾವನ ದೋಸ್ತ್ ಒಬ್ಬರು ಬೇರೆಯೇ ಹೇಳುತ್ತಾರೆ. ಟ್ರಯಲ್ ಅಂದರೆ ಸರ್ಕಸ್, ಮನುಷ್ಯ ಕಲಿಸಿದ್ದನ್ನು ನಾಯಿ ತೋರಿಸುತ್ತದೆ ಅಷ್ಟೇ, ನಿಜವಾದ ಶಿಕಾರಿಯಲ್ಲಿ ದುಡಿದ ನಾಯಿಯ ಮರಿ ಮಾತ್ರ ಹುಷಾರಿರುತ್ತದೆ ಅಂತ. ಆದರೆ ನಮ್ಮಲ್ಲಿ ಶಿಕಾರಿಯೇ ಬಂದ್ ಆಗಿದೆ. ಹಾಗಾದರೆ ಇಂಥ ನಾಯಿಗಳನ್ನು ಯಾವ ಲೆಕ್ಕದಲ್ಲಿ ಅಳೆಯಬೇಕು? ಟ್ರಯಲ್‌ನಲ್ಲಿ ಖರೆ ಏನು ನೋಡುತ್ತಾರೆ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಭಾವನಿಗೆ ಶಿಕಾರಿ ಗಿಕಾರಿ ಏನೂ ಬೇಡ. ಹೊಲಕ್ಕೆ ಜೊತೆಗೆ ಬರುವ, ಮಾತು ಕೇಳುವ ನಾಯಿ ಸಾಕು.

ಶಹಾಬಾದ್_ಫರಸಿ

ಮೊದಲು ಮನೆಯಲ್ಲಿ ಕೂಲರ್ ಇದೆಯಾ ಕೇಳಿ. ಮೇ ತಿಂಗಳಲ್ಲಿ ಸೇಡಂ ಬಿಸಿಲಿಗೆ ಚಾಂಪಿಯನ್ ಆದರೂ ಅಷ್ಟೇ, ಬೀದಿ ನಾಯಿ ಆದರೂ ಅಷ್ಟೇ, ಎರಡೂ ನೆರಳು ಹುಡುಕುತ್ತವೆ.

ರೈನ್_ದಡದ_ಕಲಬುರಗಿಯವ

ನಾನು ಕೆಲಸದ ಮೇಲೆ ಜರ್ಮನಿಯಲ್ಲಿದ್ದೇನೆ. ಇಲ್ಲಿ ಪಕ್ಕದ ಮನೆಯವರು ಪರವಾನಗಿ ಇರುವ ಬೇಟೆಗಾರರು. ಅವರ ಸಂಗಡ ಒಂದೆರಡು ಪರೀಕ್ಷೆ ನೋಡಲು ಹೋಗಿದ್ದೇನೆ. ಜರ್ಮನಿಯ ಮಾತು ಆಮೇಲೆ ಹೇಳುತ್ತೇನೆ. ನೀವು ಕೇಳಿದ್ದು ಇಂಗ್ಲೆಂಡಿನ ಚಾಂಪಿಯನ್ ಬಗ್ಗೆ, ಅಲ್ವಾ? ಅದನ್ನೇ ಮೊದಲು ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ ಮೊದಲ ಫೀಲ್ಡ್ ಟ್ರಯಲ್ ನಡೆದದ್ದು 1865ರಲ್ಲಿ, ಬೆಡ್‌ಫರ್ಡ್‌ಶೈರ್‌ನ ಸೌತ್‌ಹಿಲ್‌ನಲ್ಲಿ. ಅದು ಪಾಯಿಂಟರ್ ಮತ್ತು ಸೆಟ್ಟರ್ ನಾಯಿಗಳಿಗೆ. ಹಕ್ಕಿಯ ವಾಸನೆ ಸಿಕ್ಕ ಕೂಡಲೇ ಅಲುಗಾಡದೆ ನಿಂತು, ಮೂತಿಯಿಂದ ದಿಕ್ಕು ತೋರಿಸುವ ಜಾತಿ ಅವು. ಲ್ಯಾಬ್ರಡಾರ್‌ನದು ಬೇರೆ ಕೆಲಸ. ಗುಂಡು ಹೊಡೆದ ಮೇಲೆ ಹಕ್ಕಿ ಎಲ್ಲಿ ಬಿತ್ತು ಅಂತ ಹುಡುಕಿ, ಬಾಯಲ್ಲಿ ಹಿಡಿದು, ಮೈ ಹಾಳಾಗದಂತೆ ತಂದು ಕೈಗೆ ಕೊಡುವುದು. ಇದರ ಟ್ರಯಲ್ ಕೂಡ ಸುಳ್ಳು ಆಟವಲ್ಲ. ಅವತ್ತು ಅಲ್ಲೇ ಹೊಡೆದ ಹಕ್ಕಿ, ಮೊಲದ ಮೇಲೇ ನಡೆಯುತ್ತದೆ. ಕೋವಿ ಹಿಡಿದವರು ಸಾಲಾಗಿ ಹೊಲದಲ್ಲಿ ನಡೆಯುತ್ತಾರೆ, ನಾಯಿಗಳು ಪಕ್ಕದಲ್ಲೇ ಇರುತ್ತವೆ, ತೀರ್ಪುಗಾರರೂ ಜೊತೆಗೇ ಇರುತ್ತಾರೆ. ನಿಮ್ಮ ಭಾವನ ದೋಸ್ತ್ ಹೇಳುವ ಸರ್ಕಸ್ ಇದಲ್ಲ.

ಹೊರಗೆ ಹಾಕುವ ತಪ್ಪುಗಳು ಖಡಕ್ ಇವೆ. ಅಪ್ಪಣೆ ಇಲ್ಲದೆ ಓಡಿದರೆ ಔಟ್. ಕುಂಯ್‌ಗುಟ್ಟಿದರೆ, ಬೊಗಳಿದರೆ ಔಟ್. ಬಾಯಲ್ಲಿದ್ದ ಹಕ್ಕಿ ಬಿಟ್ಟು ಇನ್ನೊಂದನ್ನು ಹಿಡಿದರೆ ಔಟ್. ನೀರಿಗೆ ಇಳಿಯಲ್ಲ ಅಂದರೆ ಔಟ್. ತಂದ ಹಕ್ಕಿಯ ಪಕ್ಕೆಲುಬನ್ನು ತೀರ್ಪುಗಾರ ಬೆರಳಿನಿಂದ ಒತ್ತಿ ನೋಡುತ್ತಾನೆ. ನಾಯಿ ಅಗಿದು ಎಲುಬು ಜಜ್ಜಿದ್ದರೆ ಅದೂ ಔಟ್. ಒಂದು ನಾಯಿ ಸೋತ ಜಾಗದಲ್ಲಿ ಇನ್ನೊಂದನ್ನು ಕಳಿಸಿ, ಅದು ಹುಡುಕಿ ತಂದರೆ ದೊಡ್ಡ ಮಾನ.

ಅಮೆರಿಕದ್ದು ಪೂರಾ ಬೇರೆ. ಅಲ್ಲಿ ರಿಟ್ರೀವರ್ (ಲ್ಯಾಬ್ ಥರ ಬಿದ್ದ ಹಕ್ಕಿ ತರುವ ನಾಯಿ) ಟ್ರಯಲ್ ಅಂದರೆ ಮೊದಲೇ ಹಾಕಿಟ್ಟ ಪ್ರಶ್ನೆಪತ್ರಿಕೆ. ಬಿಳಿ ಕೋಟು ಹಾಕಿಕೊಂಡವರು ದೂರದಲ್ಲಿ ನಿಂತು ಬಾತುಕೋಳಿ ಎಸೆಯುತ್ತಾರೆ. ಒಂದಲ್ಲ, ಎರಡು, ಮೂರು, ಕೆಲವೊಮ್ಮೆ ನಾಲ್ಕು. ಎಲ್ಲೆಲ್ಲಿ ಬಿತ್ತು ಅಂತ ನಾಯಿ ನೆನಪಿಟ್ಟುಕೊಂಡು ಒಂದೊಂದೇ ತರಬೇಕು. ನಾಯಿ ನೋಡದೇ ಇದ್ದ ಹಕ್ಕಿಯನ್ನೂ ಬಚ್ಚಿಟ್ಟಿರುತ್ತಾರೆ. ಅದನ್ನು ಸೀಟಿ, ಕೈಸನ್ನೆಯಲ್ಲೇ ತರಿಸಬೇಕು. ದೂರ ಎಷ್ಟು ಗೊತ್ತಾ? ಮುನ್ನೂರು ಗಜ, ಅದಕ್ಕಿಂತ ಜಾಸ್ತಿಯೂ ಇರುತ್ತದೆ. ಚರ್ರೆ ಕೋವಿ ಸರಿಯಾಗಿ ತಾಕುವುದೇ ನಲವತ್ತು ಗಜದ ಆಸುಪಾಸು. ಮುನ್ನೂರು ಗಜದಾಚೆ ಹಕ್ಕಿ ಬೀಳುವುದು ಯಾವ ಶಿಕಾರಿಯಲ್ಲಿ?

ಹಾಗಾದರೆ ಅಷ್ಟು ದೂರ ಯಾಕೆ ಇಟ್ಟರು? ನಾಯಿಗಳು ಅಷ್ಟು ಹುಷಾರಾದವು, ಹತ್ತಿರದ ಪರೀಕ್ಷೆಯಲ್ಲಿ ಎಲ್ಲವೂ ಪಾಸ್ ಆಗತೊಡಗಿದವು. ಒಂದಕ್ಕೇ ಮೊದಲ ಸ್ಥಾನ ಕೊಡಬೇಕು. ಅದಕ್ಕೆ ದೂರ ಹೆಚ್ಚಿಸಿದರು. ಆ ದೂರಕ್ಕೆ ತಕ್ಕ ನಾಯಿ ಹುಟ್ಟಿಸಿದರು. ಮತ್ತೆ ದೂರ ಹೆಚ್ಚಿಸಿದರು. ಕೊನೆಗೆ ಸಾಮಾನ್ಯ ಬೇಟೆಗಾರರಿಗೇ ಬೇಜಾರಾಯಿತು. ಈ ನಾಯಿ ಮನೆಯಲ್ಲಿ ಒಂದು ಕಡೆ ಕೂರುವುದಿಲ್ಲ, ಇದನ್ನು ಸಾಕಲು ಪಗಾರದ ತರಬೇತುದಾರನೇ ಬೇಕು ಅಂದರು. ಅದಕ್ಕೇ 1980ರ ದಶಕದಲ್ಲಿ ಅಲ್ಲಿ 'ಹಂಟ್ ಟೆಸ್ಟ್' ಅಂತ ಬೇರೆ ಪದ್ಧತಿ ಹುಟ್ಟಿತು. ಅಮೆರಿಕನ್ ಕೆನಲ್ ಕ್ಲಬ್ 1985ರಲ್ಲಿ ಶುರು ಮಾಡಿತು. ಅದರಲ್ಲಿ ಗೆಲುವು ಸೋಲು ಇಲ್ಲ. ಪಾಸ್ ಅಥವಾ ಫೇಲ್ ಅಷ್ಟೇ.

ಎರೆಹೊಲ (ಆಳಂದ)

ಇಷ್ಟು ಓದಿದ ಮೇಲೂ ನನ್ನ ಮನಸ್ಸು ಬದಲಾಗಲಿಲ್ಲ ಬಿಡಿ ಅಣ್ಣಾ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕಾರವಾನಿ ನಾಯಿ ಇವೆ. ಗನ್‌ಡಾಗ್ (ಕೋವಿಯವನ ಸಂಗಡ ದುಡಿಯುವ ನಾಯಿ) ಅಲ್ಲ ಖರೆ. ಇವು ವಾಸನೆ ಹಿಡಿದು ಹೋಗುವ ಮೂಗಿನ ನಾಯಿ ಅಲ್ಲ, ಕಣ್ಣಿಂದ ಕಂಡು ಅಟ್ಟಿಸುವ ಕಣ್ಣಿನ ನಾಯಿ. ಆದರೆ ಪ್ರಶ್ನೆ ಒಂದೇ.

ಟ್ರಯಲ್ ಒಂದು ಮುಂಜಾನೆಯ ಮಾತು. ಹೊಲದ ಕೆಲಸ ವರ್ಷವಿಡೀ. ಟ್ರಯಲ್‌ನಲ್ಲಿ ಹತ್ತು ನಿಮಿಷ ಛಲೋ ಓಡಿದ ನಾಯಿ, ಮರುದಿನ ಕಾಲು ಊದಿಸಿಕೊಂಡು ಮಲಗಿದ್ದರೆ ಯಾರು ನೋಡುತ್ತಾರೆ? ನಮ್ಮ ಅಜ್ಜನ ಕಾಲದಲ್ಲಿ ನಾಯಿಯನ್ನು ಎರೆ ಬಿರುಕಿನಲ್ಲಿ ನೋಡುತ್ತಿದ್ದರು. ಮೇ ತಿಂಗಳ ಎರೆ ಹೊಲ ನೋಡಿದ್ದೀರಲ್ಲ? ಕಾಲು ಸಿಕ್ಕಿದರೆ ಮುರಿದೇ ಹೋಗುವಂಥ ಬಿರುಕು. ಅಲ್ಲಿ ಜೋರಾಗಿ ಓಡುವ ನಾಯಿ ಬೇಡ. ಓಡುತ್ತಾ ಓಡುತ್ತಾ ನೆಲ ನೋಡುವ ನಾಯಿ ಬೇಕು. ಪಾದ ಗಟ್ಟಿ ಇರಬೇಕು. ತೊಗರಿ ಕೊಯ್ದ ಕೂಳೆ ಚುಚ್ಚಿದರೂ ಸಹಿಸಬೇಕು. ಸಂಜೆ ಮನೆಗೆ ಬಂದು ರೊಟ್ಟಿ ತಿನ್ನಬೇಕು, ಸೊರಗಬಾರದು. ಮನೆ ಮಕ್ಕಳ ಮೇಲೆ ಹಲ್ಲು ತೋರಿಸಬಾರದು. ಇದನ್ನೆಲ್ಲ ಯಾವ ತೀರ್ಪುಗಾರ ಬರೆಯುತ್ತಾನೆ?

ಈಗ ಏನಾಗಿದೆ ನೋಡಿ. ಜಾತ್ರೆಗಳಲ್ಲಿ ನಾಯಿ ಓಟ ಇಡುತ್ತಾರೆ. ನೆಟ್ಟಗೆ ಮುನ್ನೂರು ನಾನೂರು ಮೀಟರ್, ಮುಂದೆ ಬಟ್ಟೆಯ ಗಂಟು ಎಳೆದುಕೊಂಡು ಬೈಕ್ ಹೋಗುತ್ತದೆ. ಸಪಾಟು ನೆಲ, ತಿರುವೇ ಇಲ್ಲ. ಅಂಥ ಓಟ ಗೆಲ್ಲಲು ಗ್ರೇಹೌಂಡ್ ಬೆರೆಸಿದರೆ ಸಾಕು. ಬೆರೆಸಿಯೂ ಬಿಟ್ಟಿದ್ದಾರೆ. ಎದೆ ದಪ್ಪ, ತೊಡೆ ದಪ್ಪ. ನೋಡಲು ಪೈಲ್ವಾನ್. ನಮ್ಮ ಬಿಸಿಲಲ್ಲಿ ಅರ್ಧ ಗಂಟೆ ಬಿಡಿ, ನಾಲಗೆ ಹೊರಗೆ ಹಾಕಿ ಕೂರುತ್ತದೆ. ಅದರ ಮರಿಗೆ ಇಪ್ಪತ್ತೈದು ಸಾವಿರ. ಓಟದ ನಿಯಮ ಬರೆದವರೇ ನಾಯಿಯ ಜಾತಿಯನ್ನೂ ಬರೆದುಬಿಟ್ಟರು.

ನಂದಿನಗರ_ವೆಟ್ (ಬೀದರ್)

ಎರೆಹೊಲ ಅಣ್ಣಾ, ನಿಮ್ಮ ಕೊನೆಯ ಮಾತಿಗೆ ನನ್ನದೂ ಸಹಿ. ಇಂಗ್ಲೆಂಡಿನ ಗ್ರೇಹೌಂಡ್‌ಗೂ ಇದೇ ಆಗಿದೆ. ಅಲ್ಲಿ ಮೊಲ ಅಟ್ಟಿಸುವ ವಾಟರ್‌ಲೂ ಕಪ್ ಅಂತ ಇತ್ತು. 1836ರಲ್ಲಿ ಶುರು, 2005ರಲ್ಲಿ ಕೊನೆ. ಆಮೇಲೆ ಕಾನೂನೇ ಬಂದ್ ಮಾಡಿತು. ಅದರಲ್ಲಿ ಮೊಲ ಕೊಂದ ನಾಯಿಗೆ ದೊಡ್ಡ ಅಂಕ ಇರಲಿಲ್ಲ. ಮೊಲವನ್ನು ಎಷ್ಟು ಸಲ ತಿರುಗಿಸಿತು, ಎಷ್ಟು ಚುರುಕಾಗಿ ತಾನೂ ತಿರುಗಿತು ಅನ್ನುವುದಕ್ಕೆ ಅಂಕ. 1919ರಲ್ಲಿ ಅಮೆರಿಕದ ಎಮರಿವಿಲ್‌ನಲ್ಲಿ ಯಂತ್ರದ ಮೊಲ ಇಟ್ಟು ಟ್ರ್ಯಾಕ್ ಮಾಡಿದರು. 1926ರಲ್ಲಿ ಮ್ಯಾಂಚೆಸ್ಟರ್‌ನ ಬೆಲ್ ವ್ಯೂಗೂ ಅದು ಬಂತು. ಅಲ್ಲಿಂದ ಟ್ರ್ಯಾಕ್ ನಾಯಿಯೇ ಬೇರೆ, ಹೊಲದ ನಾಯಿಯೇ ಬೇರೆ ಆಗುತ್ತಾ ಹೋಯಿತು.

ಆದರೆ 'ಶಿಕಾರಿಯೇ ಸರಿಯಾದ ಪರೀಕ್ಷೆ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಜ್ಜನ ನಾಯಿ ಹೇಗಿತ್ತು ಅಂತ ಎಲ್ಲರ ಮನೆಯಲ್ಲೂ ಕಥೆ ಇದೆ. ಅದೇ ಸೂಲಿನಲ್ಲಿ ಹುಟ್ಟಿದ ಬಾಕಿ ಆರು ಮರಿಗಳು ಏನಾದವು? ಅದನ್ನು ಕೇಳಿದರೆ ಯಾರೂ ಮಾತಾಡುವುದಿಲ್ಲ. ಒಂದನ್ನು ಮಾವನಿಗೆ ಕೊಟ್ಟೆವು, ಎರಡು ಸತ್ತವು, ಉಳಿದವು ಎಲ್ಲೋ ಹೋದವು ಅನ್ನುತ್ತಾರೆ. ಚೆನ್ನಾಗಿ ದುಡಿದ ಒಂದು ನಾಯಿ ನಮಗೆ ನೆನಪು. ದುಡಿಯದೇ ಇದ್ದದ್ದರ ನೆನಪು ಯಾರಿಗೂ ಇಲ್ಲ.

ತಳಿಯ ದೃಷ್ಟಿಯಿಂದ ಬೇಕಾದದ್ದೇ ಆ ಮರೆತ ಲೆಕ್ಕ. ಮೂಗು, ಹುಡುಕುವ ಹಟ, ಮಾತು ಕೇಳುವ ಗುಣ ಇವು ಮೈಬಣ್ಣದ ಹಾಗೆ ಸೀದಾ ಇಳಿದು ಬರುವುದಿಲ್ಲ. ಒಂದು ದಿನದ ಅಂಕದಲ್ಲಿ ಗಾಳಿ ಇರುತ್ತದೆ, ಇಬ್ಬನಿ ಇರುತ್ತದೆ, ಕಲಿಸಿದವನ ಕೈ ಇರುತ್ತದೆ, ಅದೃಷ್ಟ ಇರುತ್ತದೆ. ತಂದೆ ತಾಯಿಯಿಂದ ಬಂದ ಪಾಲು ಅದರಲ್ಲಿ ಸ್ವಲ್ಪವೇ. ಹಾಗಾಗಿ ಒಂದು ಚಾಂಪಿಯನ್‌ನ ಅಂಕ ನೋಡಿ ಅದರ ಮರಿ ಹೀಗೇ ಆಗುತ್ತದೆ ಅನ್ನಲು ಬರುವುದಿಲ್ಲ. ಒಡಹುಟ್ಟಿದ ಎಂಟರಲ್ಲಿ ಆರು ಸುಮಾರಾಗಿ ಪಾಸಾಗಿದ್ದರೆ, ಆ ಮನೆತನದ ಬಗ್ಗೆ ಒಂದು ಧೈರ್ಯ ಬರುತ್ತದೆ. ಎಂಟರಲ್ಲಿ ಒಂದು ಚಾಂಪಿಯನ್, ಏಳು ಗುಂಡಿನ ಸದ್ದಿಗೆ ಹೆದರುವ ನಾಯಿ ಅಂದರೆ ನಾನು ಆ ಚಾಂಪಿಯನ್ ಹತ್ತಿರ ಹೋಗುವುದಿಲ್ಲ. ಆದರೆ ಪೋಸ್ಟರ್‌ನಲ್ಲಿ ಬರುವುದು ಆ ಒಂದೇ.

ಇನ್ನೊಂದು ಅಪಾಯ. ಗೆದ್ದ ಗಂಡು ನಾಯಿಗೆ ಎಲ್ಲರೂ ಮುಗಿಬೀಳುತ್ತಾರೆ. ಹತ್ತು ವರ್ಷದಲ್ಲಿ ಅರ್ಧ ತಳಿಯಲ್ಲಿ ಅದರ ರಕ್ತ. ಅದರಲ್ಲಿ ಒಂದು ದೋಷ ಅಡಗಿದ್ದರೆ ಅದೂ ಎಲ್ಲ ಕಡೆ ಹೋಗುತ್ತದೆ. ಲ್ಯಾಬ್ರಡಾರ್‌ನಲ್ಲೇ ಉದಾಹರಣೆ ಇದೆ. ಇಐಸಿ ಅಂತ ಒಂದು ರೋಗ. ನಾಯಿ ನೋಡಲು ಗಟ್ಟಿಮುಟ್ಟು. ಐದರಿಂದ ಹದಿನೈದು ನಿಮಿಷ ಜೋರಾಗಿ ಓಡಿಸಿದರೆ ಹಿಂಗಾಲು ತೊಡರುತ್ತವೆ, ಆಮೇಲೆ ಬಿದ್ದುಬಿಡುತ್ತದೆ. ಹೆಚ್ಚಿನವು ಅರ್ಧ ಗಂಟೆಯೊಳಗೆ ಎದ್ದು ಓಡಾಡುತ್ತವೆ. ಕೆಲವು ಸತ್ತೇ ಹೋಗುತ್ತವೆ. ಡಿಎನ್‌ಎಂ1 ಅನ್ನುವ ಜೀನ್‌ನಲ್ಲಿನ ದೋಷ ಇದಕ್ಕೆ ಕಾರಣ ಅಂತ 2008ರಲ್ಲಿ ಗೊತ್ತಾಯಿತು. ಮೊದಲು ಇದನ್ನು ಗುರುತಿಸಿದ್ದೇ ಫೀಲ್ಡ್ ಟ್ರಯಲ್ ಮನೆತನದ ನಾಯಿಗಳಲ್ಲಿ. ಶೋ ನಾಯಿಗಳಲ್ಲಿ (ಅಂದಚೆಂದದ ಪ್ರದರ್ಶನಕ್ಕೆ ಬೆಳೆಸಿದವು) ಇಲ್ಲವೇ ಇಲ್ಲ ಅಂತಲ್ಲ. ಅವು ಬೀಳುವಷ್ಟು ಓಡುವುದೇ ಇಲ್ಲ, ಹಾಗಾಗಿ ಗೊತ್ತಾಗುವುದಿಲ್ಲ.

ಬಿಸಿಲಿದ್ದರೆ ಈ ರೋಗ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಸೇಡಂನವರು ಇದನ್ನು ಗಮನದಲ್ಲಿಡಿ.

ಶಹಾಬಾದ್_ಫರಸಿ

ನಾನು ಮೊದಲೇ ಕೂಲರ್ ಅಂದಿದ್ದೆ.

ಸುರಪುರ_ಕಾಕಾ

ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು. ತಮ್ಮಂದಿರು ಮೊಲ, ಹೊಲ ಅಂತ ಸಲೀಸಾಗಿ ಬರೆಯುತ್ತಿದ್ದೀರಿ, ಅದಕ್ಕೇ ಒಂದು ಮಾತು.

1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಒಂದೇ ಅಲ್ಲ. ಹಿಡಿಯುವುದು, ನಾಯಿ ಬಿಟ್ಟು ಅಟ್ಟಿಸುವುದು, ಉರುಲು ಹಾಕುವುದು, ಓಡಿಸುವುದು, ಆಮಿಷ ಇಡುವುದು, ಅದಕ್ಕೆ ಪ್ರಯತ್ನ ಪಡುವುದು, ಎಲ್ಲವೂ ಬೇಟೆಯೇ. 'ನಾವು ಕೊಲ್ಲಲಿಲ್ಲ ಸಾಹೇಬರೇ, ಸುಮ್ನೆ ನಾಯಿ ಓಡಿಸಿ ನೋಡಿದೆವು' ಅನ್ನುವ ಮಾತನ್ನು ನೌಕರಿಯಲ್ಲಿ ಬಹಳ ಕೇಳಿದ್ದೇನೆ. ಅದು ನಡೆಯುವುದಿಲ್ಲ. ಯುಗಾದಿ ಹೊತ್ತಿಗೆ ಮೊಲ ಹಿಡಿಯುವುದು ಹಿರಿಯರ ಪದ್ಧತಿ ಅಂದರೂ ನಡೆಯುವುದಿಲ್ಲ. ಕೃಷ್ಣಮೃಗ, ನವಿಲು ಅಂತೂ ಮೊದಲ ಪಟ್ಟಿಯಲ್ಲಿವೆ. ಬೀದರ್ ಕಡೆ ಕಡಲೆ ಹೊಲದಲ್ಲಿ ಕೃಷ್ಣಮೃಗ ಹಿಂಡು ಹಿಂಡಾಗಿ ಬರುತ್ತವೆ. ನಾಯಿ ತಾನಾಗಿಯೇ ಬೆನ್ನು ಹತ್ತಿದರೂ ತಲೆನೋವು ನಾಯಿ ಬಿಟ್ಟವನಿಗೇ.

ಇನ್ನು ಶಿಕಾರಿ ನಾಯಿಯ ಮಾತು. ನಮ್ಮದು ಬೇಡರ ನಾಡು. ಸುರಪುರದ ನಾಯಕರ ಕಾಲದಿಂದ ನಾಯಿ, ಬೇಟೆ ಎರಡೂ ಇಲ್ಲಿನ ಮನೆಮಾತು. ಬೋನಾಳ ಕೆರೆ ಕಟ್ಟಿಸಿದ್ದು ಇಲ್ಲಿನ ಅರಸರು, ಆಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇಲ್ಲಿದ್ದಾಗ ದೊಡ್ಡದು ಮಾಡಿಸಿದ. ಈಗ ಅದು ಪಕ್ಷಿಧಾಮ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಸಾಹೇಬರ ಕಾಲದಲ್ಲಿ ಇಂಥ ಕೆರೆಗಳ ಮೇಲೆ ಬಾತುಕೋಳಿ ಹೊಡೆಯುವುದು ದೊಡ್ಡ ಶೋಕಿ. ಹಿರಿಯರು ಹೇಳುತ್ತಿದ್ದದ್ದು ಏನಂದರೆ, ಹೊಡೆದ ಹಕ್ಕಿಯಲ್ಲಿ ಎಷ್ಟೋ ಜೊಂಡಿನಲ್ಲಿ ಬಿದ್ದು ಸಿಗದೇ ಕೊಳೆಯುತ್ತಿದ್ದವು. ಎತ್ತಿ ತರುವ ನಾಯಿ ಇದ್ದವರು ಕಡಿಮೆ. ನೀರಿಗೆ ಹುಡುಗರನ್ನೇ ಇಳಿಸುತ್ತಿದ್ದರು.

ನಿಜವಾದ ಶಿಕಾರಿ ಅಂದರೆ ಎಲ್ಲವೂ ಚೊಕ್ಕ ಇತ್ತು ಅಂತ ತಿಳಿಯಬೇಡಿ. ನಾಯಿ ಕೆಟ್ಟದ್ದಾದರೂ ಹೊಡೆಯುವವನ ಗುರಿ ಚೆನ್ನಾಗಿದ್ದರೆ ಚೀಲ ತುಂಬುತ್ತಿತ್ತು. ಹೆಸರು ನಾಯಿಗೆ ಬರುತ್ತಿತ್ತು.

ರೈನ್_ದಡದ_ಕಲಬುರಗಿಯವ

ಕಾಕಾ, ಗಾಯಗೊಂಡ ಪ್ರಾಣಿ ಸಿಗದೇ ಹೋಗುತ್ತಿತ್ತು ಅಂದಿರಲ್ಲ, ಜರ್ಮನಿಯ ಪದ್ಧತಿ ನಿಂತಿರುವುದೇ ಅದರ ಮೇಲೆ. ಇಲ್ಲಿ ಕೆಲವು ಬಗೆಯ ಬೇಟೆಗೆ ಪರೀಕ್ಷೆ ಪಾಸಾದ ನಾಯಿ ಜೊತೆಗಿರಲೇಬೇಕು ಅಂತ ರಾಜ್ಯಗಳ ಕಾನೂನಿದೆ. ಗುಂಡು ತಾಗಿ ಓಡಿಹೋದದ್ದು ಪೊದೆಯಲ್ಲಿ ನರಳಿ ಸಾಯಬಾರದು, ಅದನ್ನು ಹುಡುಕಬೇಕು. ನಾಯಿ ಇರುವುದು ಮುಖ್ಯವಾಗಿ ಅದಕ್ಕೆ.

ಇಲ್ಲಿ ಬೇಟೆನಾಯಿ ಸಂಘಗಳ ಒಕ್ಕೂಟ 1899ರಿಂದ ಇದೆ. ಪರೀಕ್ಷೆಗಳು ಮೆಟ್ಟಿಲು ಮೆಟ್ಟಿಲಾಗಿವೆ. ಮೊದಲನೆಯದು ವಸಂತದಲ್ಲಿ, ಎಳೆಯ ನಾಯಿಗಳಿಗೆ. ಹುಟ್ಟಿ ಒಂದು ವರ್ಷದ ಆಸುಪಾಸು. ಆ ವಯಸ್ಸಿಗೆ ಜಾಸ್ತಿ ಕಲಿಸಿರಲು ಆಗುವುದಿಲ್ಲ, ಹಾಗಾಗಿ ಹುಟ್ಟುಗುಣ ಕಾಣುತ್ತದೆ. ಬಯಲಲ್ಲಿ ಮೊಲ ಎದ್ದು ಓಡಿ ಕಣ್ಮರೆಯಾಗುತ್ತದೆ. ಅದು ಹೋದ ದಾರಿಯ ಮೇಲೆ ನಾಯಿ ಬಿಡುತ್ತಾರೆ. ಮೊಲ ಕಾಣಬಾರದು, ಹಿಡಿಯಬೇಕಾಗಿಯೂ ಇಲ್ಲ. ನಾಯಿ ಮೂಗು ನೆಲಕ್ಕಿಟ್ಟು ಎಷ್ಟು ದೂರ, ಎಷ್ಟು ಹಟದಿಂದ ಹೋಗುತ್ತದೆ ಅಂತ ನೋಡುತ್ತಾರೆ. ಮೂಗು, ಹುಡುಕಾಟ, ನಿಂತು ತೋರಿಸುವುದು, ಒಡೆಯನ ಜೊತೆ ಹೊಂದಾಣಿಕೆ, ಒಂದೊಂದಕ್ಕೂ ಬೇರೆ ಅಂಕ. ಗುಂಡಿನ ಸದ್ದಿಗೆ ಹೆದರುತ್ತದಾ ಅಂತಲೂ ಬರೆಯುತ್ತಾರೆ. ಶರತ್ಕಾಲದಲ್ಲಿ ಎರಡನೆಯದು, ಅದರಲ್ಲಿ ನೀರಿನ ಕೆಲಸವೂ ಸೇರುತ್ತದೆ. ಪೂರ್ತಿ ಕಲಿತ ನಾಯಿಗೆ ಇನ್ನೊಂದು ದೊಡ್ಡ ಪರೀಕ್ಷೆ ಇದೆ.

ಡಾಯ್ಚ್ ಡ್ರಾಟ್‌ಹಾರ್ ಅಂತ ಒರಟು ಕೂದಲಿನ ತಳಿ. ಅದರ ಸಂಘ 1902ರದ್ದು. ಮೊದಲ ಎರಡು ಪರೀಕ್ಷೆ, ಮೈಕಟ್ಟು, ಕೂದಲಿನ ತಪಾಸಣೆ ಇವೆಲ್ಲ ಮುಗಿಯದೆ ಆ ನಾಯಿಯನ್ನು ತಳಿಗೆ ಬಿಡುವ ಹಾಗೇ ಇಲ್ಲ. ವೆಟ್ ಅಕ್ಕ ಹೇಳಿದ ಮರೆತ ಲೆಕ್ಕ ಇಲ್ಲಿ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಒಂದೇ ಸೂಲಿನ ಆದಷ್ಟು ಎಲ್ಲ ಮರಿಗಳನ್ನೂ ಪರೀಕ್ಷೆಗೆ ತನ್ನಿ ಅಂತ ಸಂಘ, ಬ್ರೀಡರ್ ಇಬ್ಬರೂ ಬೆನ್ನು ಹತ್ತುತ್ತಾರೆ. ಪಕ್ಕದ ಮನೆಯವರು ಮರಿ ತಂದಾಗ ಅದರ ತಂದೆ ಎಷ್ಟನೇ ನಂಬರ್ ಅಂತ ಕೇಳಲಿಲ್ಲ. ತಾಯಿಯ ಹಿಂದಿನ ಸೂಲಿನ ಮರಿಗಳ ಅಂಕಪಟ್ಟಿ ತೆಗೆದು ಓದುತ್ತಾ ಕೂತಿದ್ದರು. ನಮ್ಮವರು ಜಾತಕ ನೋಡುವಷ್ಟು ಶ್ರದ್ಧೆ.

ಹೀಗಾಗಿ ಇಲ್ಲಿ ಚಾಂಪಿಯನ್ ಅನ್ನುವ ಗೀಳು ಕಡಿಮೆ. ನಾಯಿಗಳು ಒಂದರ ಎದುರು ಇನ್ನೊಂದು ನಿಲ್ಲುವುದಿಲ್ಲ. ಎಲ್ಲವೂ ಒಂದೇ ಗೆರೆಯ ಎದುರು ನಿಲ್ಲುತ್ತವೆ.

ಎರೆಹೊಲ (ಆಳಂದ)

ಛಲೋ ಅದ. ಆದರೆ ಅದೂ ಒಂದೇ ದಿನದ ಪರೀಕ್ಷೆ ಅಲ್ಲೇನು? ಮೊಲ ಒಣ ಮಣ್ಣಿನ ಮೇಲೆ ಓಡಿದರೆ ವಾಸನೆ ನಿಲ್ಲುವುದಿಲ್ಲ. ಹಸಿ ಹುಲ್ಲಿನ ಮೇಲೆ ಓಡಿದರೆ ನಿಲ್ಲುತ್ತದೆ. ಒಂದು ನಾಯಿಗೆ ಮುಂಜಾನೆ ಏಳಕ್ಕೆ ಪಾಳಿ, ಇನ್ನೊಂದಕ್ಕೆ ಹನ್ನೊಂದಕ್ಕೆ. ಇಬ್ಬನಿ ಆರಿದ ಮೇಲೆ ಬಂದ ನಾಯಿ ಏನು ಪಾಪ ಮಾಡಿತ್ತು?

ನಮ್ಮ ಕಡೆ ಇದು ಇನ್ನೂ ಜಾಸ್ತಿ. ಡಿಸೆಂಬರ್ ಮುಂಜಾನೆ ಎರೆ ಹೊಲದ ಮೇಲೆ ಮಂಜು ಕೂತಿದ್ದಾಗ ಯಾವ ನಾಯಿಯೂ ಶಾಣ್ಯಾ ಆಗುತ್ತದೆ. ಹತ್ತು ಗಂಟೆಗೆ ನೆಲ ಕಾದ ಮೇಲೆ ಅದೇ ನಾಯಿ ಮಂಕು.

ರೈನ್_ದಡದ_ಕಲಬುರಗಿಯವ

ಇಲ್ಲಿ ಅದೃಷ್ಟದ ಪಾಲು ಇಲ್ಲ ಅನ್ನುವ ಹಾಗಿಲ್ಲ. ತೀರ್ಪುಗಾರರು ಹವಾಮಾನ, ನೆಲ, ಬೆಳೆ ಹೇಗಿತ್ತು ಅಂತ ಬರೆದುಕೊಳ್ಳುತ್ತಾರೆ, ಒಂದಕ್ಕಿಂತ ಹೆಚ್ಚು ಮೊಲದ ಜಾಡು ಕೊಡಲು ನೋಡುತ್ತಾರೆ. ಆದರೂ ಅದೃಷ್ಟ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಒಂದು ನಾಯಿಗಿಂತ ಒಡಹುಟ್ಟಿದವುಗಳ ಸರಾಸರಿಗೆ ಬೆಲೆ. ಎಂಟಕ್ಕೆ ಎಂಟೂ ಅದೃಷ್ಟವಂತ ಆಗುವುದು ಕಷ್ಟ ತಾನೆ.

ಅಮೆರಿಕದಲ್ಲಿ ಅದೃಷ್ಟ ಕಡಿಮೆ ಮಾಡಲು ಇನ್ನೊಂದು ದಾರಿ ಹಿಡಿದರು. ಟೆನೆಸ್ಸಿಯ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಪಾಯಿಂಟರ್, ಸೆಟ್ಟರ್‌ಗಳ ರಾಷ್ಟ್ರೀಯ ಪಂದ್ಯ ಇದೆ. ಒಂದೊಂದು ಜೋಡಿ ನಾಯಿಗೆ ಪೂರಾ ಮೂರು ಗಂಟೆ. ಲಾವಕ್ಕಿಗಳ ಮೇಲೆ. ತೀರ್ಪುಗಾರರು, ನಾಯಿ ನಡೆಸುವವರು ಎಲ್ಲರೂ ಕುದುರೆ ಮೇಲೆ. ನಿಮ್ಮ ತಾಕತ್ತಿನ ಪ್ರಶ್ನೆಗೆ ಅಲ್ಲಿ ಉತ್ತರ ಇದೆ. ಆದರೆ ಕುದುರೆ ಮೇಲೆ ಕೂತವನಿಗೆ ದೂರ ದೂರ ಹೋಗುವ ನಾಯಿಯೇ ಚೆಂದ ಕಾಣುತ್ತದೆ. ಹಾಗಾಗಿ ಅರ್ಧ ಮೈಲಿ ಆಚೆ ಓಡುವ ನಾಯಿ ಹುಟ್ಟಿಸಿದರು. ನಡೆದುಕೊಂಡು ಹೋಗುವ ಬಡ ಬೇಟೆಗಾರನಿಗೆ ಅದು ಪ್ರಯೋಜನವಿಲ್ಲ.

ಮಣ್ಣಿನಮಗ_ಯಾದಗಿರಿ

ಇಂಗ್ಲೆಂಡ್, ಜರ್ಮನಿ, ಅಮೆರಿಕ! ದೇಶಿ ನಾಯಿ ಸಾಕಿ ಅಂತ ಒಬ್ಬರೂ ಹೇಳಲ್ಲ. ಮುಧೋಳ ನಾಯಿಯ ಮೇಲೆ 2005ರಲ್ಲಿ ಅಂಚೆ ಚೀಟಿ ಬಂದಿದೆ. ಮಿಲಿಟರಿಯವರೂ ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಲ್ಯಾಬ್ ಯಾಕೆ ಬೇಕು?

ನಂದಿನಗರ_ವೆಟ್ (ಬೀದರ್)

ಮುಧೋಳ ನಾಯಿಯ ಸಂಶೋಧನಾ ಕೇಂದ್ರ ತಿಮ್ಮಾಪುರದಲ್ಲಿದೆ, ಅದು ನಮ್ಮ ಬೀದರ್ ಪಶು ವಿಶ್ವವಿದ್ಯಾಲಯದ್ದೇ. ಹೆಮ್ಮೆ ನಮಗೂ ಇದೆ ತಮ್ಮಾ. ಆದರೆ ಸೇಡಂನವರಿಗೆ ಬೇಕಿರುವುದು ಹಿಂದೆ ಮುಂದೆ ಬರುವ, ಕರೆದರೆ ತಿರುಗುವ ನಾಯಿ. ಮುಧೋಳ ನಾಯಿ ಏನಾದರೂ ಓಡುವುದನ್ನು ಕಂಡರೆ ನಿಮ್ಮ ಸೀಟಿ ಕೇಳುವುದಿಲ್ಲ. ಅದು ಅದರ ತಪ್ಪಲ್ಲ, ಅದನ್ನು ಅದಕ್ಕಾಗಿಯೇ ಬೆಳೆಸಿದ್ದಾರೆ. ಕೃಷ್ಣಮೃಗ ಇರುವ ಕಡೆ ಬಿಟ್ಟರೆ ಕಾಕಾ ಹೇಳಿದ್ದೇ ಆಗುತ್ತದೆ.

ನಿರ್ವಾಹಕ

ದೇಶಿ ವಿದೇಶಿ ಜಗಳಕ್ಕೆ ಬೇರೆ ಎಳೆ ಇದೆ. ಅಲ್ಲಿಗೆ ಹೋಗಿ ಮನಸಾರೆ ಬಡಿದಾಡಿ.

ಸೇಡಂಕಲ್ಲು

ಎಲ್ಲರಿಗೂ ಶರಣು. ಈಗ ನೇರ ಪ್ರಶ್ನೆ ಅಕ್ಕಾ. ಬ್ರೀಡರ್‌ಗೆ ಏನು ಕೇಳಲಿ? ಮತ್ತೆ, ಶಿಕಾರಿ ಬೇಡದ ಮನೆಗೆ ಟ್ರಯಲ್ ಲೈನ್ ನಾಯಿ ಬೇಕಾ?

ನಂದಿನಗರ_ವೆಟ್ (ಬೀದರ್)

ಮುತ್ತಜ್ಜನ ಚಾಂಪಿಯನ್ ಪಟ್ಟಕ್ಕೆ ದುಡ್ಡು ಕೊಡಬೇಡಿ. ಮುತ್ತಜ್ಜನದ್ದು ಎಂಟನೇ ಒಂದು ಪಾಲು ಅಷ್ಟೇ ಬರುವುದು. ಅಲ್ಲಿಂದ ಈಚೆಗೆ ಯಾರೂ ಏನೂ ಪರೀಕ್ಷೆ ಮಾಡದೆ ಕೂಡಿಸುತ್ತಾ ಬಂದಿದ್ದರೆ ಆ ಅಕ್ಷರಗಳಿಂದ ಏನೂ ಉಪಯೋಗವಿಲ್ಲ. ತಂದೆ ತಾಯಿ ಇಬ್ಬರ ಇಐಸಿ ರಿಪೋರ್ಟ್ ಕೇಳಿ. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದರೂ ಸಾಕು, ಪರೀಕ್ಷೆ ಆಗುತ್ತದೆ. ಸೊಂಟದ ಎಕ್ಸ್-ರೇ, ಕಣ್ಣಿನ ತಪಾಸಣೆ ಕೇಳಿ. ಆಮೇಲೆ ಮುಖ್ಯವಾದದ್ದು, ಇದೇ ತಾಯಿಯ ಹಿಂದಿನ ಸೂಲಿನ ಮರಿಗಳು ಈಗ ಎಲ್ಲಿವೆ, ಹೇಗಿವೆ ಅಂತ ಕೇಳಿ. ಎರಡು ಮೂರು ಮನೆಯ ಫೋನ್ ನಂಬರ್ ಕೊಟ್ಟರೆ ಮಾತಾಡಿ. ತಾಯಿಯನ್ನು ಕಣ್ಣಾರೆ ನೋಡಿ. ಅದರ ಎದುರು ಒಂದು ಸ್ಟೀಲ್ ತಾಟು ಕೆಳಗೆ ಬೀಳಿಸಿ. ಬೆಚ್ಚಿ, ಮತ್ತೆ ತಾನೇ ಬಂದು ಮೂಸಿ ನೋಡಿದರೆ ಒಳ್ಳೆಯದು. ಮಂಚದ ಕೆಳಗೆ ಹೋಗಿ ಹೊರಗೆ ಬರದಿದ್ದರೆ ಬೇಡ.

ಎರಡನೇ ಪ್ರಶ್ನೆ. ಕೆಲಸದ ಮನೆತನದ ಲ್ಯಾಬ್ ತೆಳ್ಳಗೆ, ಚುರುಕಾಗಿರುತ್ತದೆ. ಶೋ ಮನೆತನದ್ದು ದಪ್ಪ ಎದೆ, ದಪ್ಪ ತಲೆ. ನಮ್ಮ ಬಿಸಿಲಿಗೆ ತೆಳ್ಳನೆಯದೇ ವಾಸಿ. ಪೊಲೀಸ್ ಶ್ವಾನದಳದವರೂ ನೋಡುವುದು ಚೆಂಡಿನ ಹುಚ್ಚು ಇರುವ ಲ್ಯಾಬನ್ನೇ. ಹಕ್ಕಿ ಹುಡುಕುವ ಹಟವೇ ಅಲ್ಲಿ ಬಾಂಬ್ ಹುಡುಕುವ ಹಟ ಆಗುತ್ತದೆ. ಆದರೆ ಅದಕ್ಕೆ ದಿನಾಲೂ ಕೆಲಸ ಬೇಕು. ಭಾವ ಮುಂಜಾನೆ ಒಂದು ತಾಸು ಹೊಲದಲ್ಲಿ ಏನಾದರೂ ಹುಡುಕಿಸುತ್ತಾ ತಿರುಗಿಸಿದರೆ ಸರಿ. ಅಂಗಡಿಯಲ್ಲಿ ಕೂತು ಸಂಜೆ ಬರುವವರಾದರೆ ಅದು ಮನೆಯ ಚಪ್ಪಲಿ, ಸೋಫಾ ಎಲ್ಲ ಶಿಕಾರಿ ಮಾಡುತ್ತದೆ.

ಎರೆಹೊಲ (ಆಳಂದ)

ಅಕ್ಕಾ, ನಮ್ಮ ಕಾರವಾನಿಗೂ ಇಂಥದ್ದೊಂದು ಮಾಡಲು ಬರುತ್ತದಾ? ಪ್ರಾಣಿ ಇಲ್ಲದೆ?

ನಂದಿನಗರ_ವೆಟ್ (ಬೀದರ್)

ಬರುತ್ತದೆ. ಅಮೆರಿಕದಲ್ಲಿ 1970ರ ದಶಕದಿಂದ 'ಲೂರ್ ಕೋರ್ಸಿಂಗ್' ಇದೆ. ನೆಲದಲ್ಲಿ ಪುಲ್ಲಿ ಹೂಳಿ, ಹಗ್ಗಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಮೋಟರಿನಿಂದ ಎಳೆಯುತ್ತಾರೆ. ನೆಟ್ಟಗೆ ಅಲ್ಲ, ಮೊಲದ ಹಾಗೆ ಅಡ್ಡಾದಿಡ್ಡಿ. ವೇಗಕ್ಕೆ ಒಂದು ಅಂಕ, ತಿರುಗುವ ಚುರುಕಿಗೆ ಒಂದು, ತಾಳಿಕೆಗೆ ಒಂದು, ಹುರುಪಿಗೆ ಒಂದು, ಬೆನ್ನು ಬಿಡದೆ ಹೋಗುವುದಕ್ಕೆ ಒಂದು. ನಿಮ್ಮ ಜಾತ್ರೆಯ ಓಟಕ್ಕೆ ಹತ್ತು ತಿರುವು ಸೇರಿಸಿದರೆ ಗ್ರೇಹೌಂಡ್ ಕ್ರಾಸ್ ತಂದ ಅರ್ಧ ಜನ ಸೋತು ಮನೆಗೆ ಹೋಗುತ್ತಾರೆ.

ಮರುದಿನ ಮುಂಜಾನೆ ಎಲ್ಲ ನಾಯಿಗಳ ಕಾಲು, ಪಾದ ನೋಡಿ ಬರೆದುಕೊಳ್ಳಿ. ನೀವು ಕೇಳಿದ ಮರುದಿನದ ಲೆಕ್ಕ ಅಲ್ಲಿ ಸಿಗುತ್ತದೆ. ಆದರೆ ಒಂದು ಷರತ್ತು. ಸೂಲಿನ ಎಲ್ಲ ಮರಿಗಳೂ ಬರಬೇಕು. ಸೋತದ್ದರ ಹೆಸರೂ ಪಟ್ಟಿಯಲ್ಲಿ ಇರಬೇಕು.

ಎರೆಹೊಲ (ಆಳಂದ)

ಕಷ್ಟ ಇರುವುದೇ ಅಲ್ಲಿ. ಸೋತ ಮರಿಯ ಹೆಸರು ಬರೆದರೆ ಅದರ ತಾಯಿಯ ಮುಂದಿನ ಸೂಲಿಗೆ ಗಿರಾಕಿ ಬರುವುದಿಲ್ಲ. ನಮ್ಮಲ್ಲಿ ನಾಯಿ ಸಾಕುವವರು ಯಾರೂ ಸಾವ್ಕಾರರಲ್ಲ. ಕುರುಬರು, ಸಣ್ಣ ರೈತರು. ವರ್ಷಕ್ಕೊಂದು ಸೂಲು ಅಂದರೆ ಅವರಿಗೆ ಬೀಜ ಗೊಬ್ಬರದ ದುಡ್ಡು. ಜರ್ಮನಿಯವನಿಗೆ ಅದು ಹವ್ಯಾಸ. ಇಲ್ಲಿ ಅದು ಹೊಟ್ಟೆ. ನಾನೇ ನಾಳೆ ನನ್ನ ಮರಿ ಫೇಲ್ ಅಂತ ಬೋರ್ಡಿಗೆ ಬರೆಯುತ್ತೇನಾ? ಅನುಮಾನ.

ಸುರಪುರ_ಕಾಕಾ

ಫೇಲ್ ಅಂತ ಬರೆಯಬೇಡ. ಅಂಕ ಅಷ್ಟೇ ಬರೆ. ಕುರಿ ಸಂತೆಯಲ್ಲಿ ಯಾರಾದರೂ ಕುರಿಗೆ ಫೇಲ್ ಅನ್ನುತ್ತಾರೇನು? ಹಲ್ಲು, ತೂಕ ನೋಡಿ ರೇಟು ಹೇಳುತ್ತಾರೆ. ಮತ್ತೆ ಓಟ ಇಡುವ ಜಾಗದ ಸುತ್ತ ಬೇಲಿ ಹಾಕಿ. ಓಟದ ನಡುವೆ ಖರೆ ಮೊಲ ಎದ್ದರೆ ನಿಮ್ಮ ಪ್ಲಾಸ್ಟಿಕ್ ಚೀಲವನ್ನು ಯಾವ ನಾಯಿಯೂ ನೋಡುವುದಿಲ್ಲ.

ರೈನ್_ದಡದ_ಕಲಬುರಗಿಯವ

ಹೊಟ್ಟೆಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣಾ. ಇಲ್ಲಿ ಮರಿ ಕೊಳ್ಳುವವರು ಅಂಕಪಟ್ಟಿ ಇಲ್ಲದಿದ್ದರೆ ಕೊಳ್ಳುವುದೇ ಇಲ್ಲ. ಬ್ರೀಡರ್ ಬರೆಯುವುದು ಅದಕ್ಕೆ. ಒಳ್ಳೆತನಕ್ಕಲ್ಲ.

ಸೇಡಂಕಲ್ಲು

ಬ್ರೀಡರ್‌ಗೆ ಫೋನ್ ಮಾಡಿದೆ. ಹಿಂದಿನ ಸೂಲಿನ ಬಗ್ಗೆ ಕೇಳಿದ್ದಕ್ಕೆ 'ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ' ಅಂದರು. ಒಂದು ನಂಬರ್ ಕೊಟ್ಟಿದ್ದಾರೆ. ಜಹೀರಾಬಾದಿನ ಮನೆ. ಅವರ ನಾಯಿ ಚೆನ್ನಾಗಿದೆಯಂತೆ, ಪಟಾಕಿಗೆ ಮಾತ್ರ ಬಾತ್‌ರೂಮಿಗೆ ಓಡುತ್ತದಂತೆ. ಇಐಸಿ ರಿಪೋರ್ಟ್ ತಂದೆಯದ್ದು ಕಳಿಸಿದ್ದಾರೆ, 'ಕ್ಲಿಯರ್' ಅಂತ ಇದೆ. ತಾಯಿಯದ್ದು ಮಾಡಿಸಿಲ್ಲ. ಮೂರು ಪಟ್ಟು ರೇಟು ಅಂದಿದ್ದು ಈಗ ಎರಡು ಪಟ್ಟಿಗೆ ಇಳಿದಿದೆ. ತಾಯಿಯದ್ದು ಇಲ್ಲದಿದ್ದರೆ ನಡೆಯುತ್ತದಾ ಅಕ್ಕಾ?

ನಂದಿನಗರ_ವೆಟ್ (ಬೀದರ್)

ಇಐಸಿ ಮಟ್ಟಿಗೆ ನಡೆಯುತ್ತದೆ. ಈ ರೋಗ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿ ಬರಬೇಕು. ತಂದೆ ಕ್ಲಿಯರ್ ಅಂದರೆ ಮರಿ ಓಡುತ್ತಾ ಬೀಳುವುದಿಲ್ಲ. ತಾಯಿಯಲ್ಲಿ ದೋಷ ಇದ್ದರೆ ಮರಿ ಅದನ್ನು ಒಳಗೆ ಹೊತ್ತುಕೊಂಡಿರಬಹುದು ಅಷ್ಟೇ. ಮುಂದೆ ಅದರಿಂದ ಮರಿ ಮಾಡಿಸುವ ವಿಚಾರ ಇದ್ದರೆ ಮಾತ್ರ ಪರೀಕ್ಷೆ ಮಾಡಿಸಿ.

ರಿಪೋರ್ಟ್‌ನಲ್ಲಿರುವ ಮೈಕ್ರೋಚಿಪ್ ನಂಬರ್ ತಂದೆ ನಾಯಿಯ ಚಿಪ್‌ಗೆ ತಾಳೆಯಾಗುತ್ತದಾ ಅಂತ ಸ್ಕ್ಯಾನರ್ ಹಿಡಿಸಿ ನೋಡಿ. ಬೇರೆ ನಾಯಿಯ ರಿಪೋರ್ಟ್ ತೋರಿಸಿ ಮಾರಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಜಹೀರಾಬಾದಿನವರ ಪಟಾಕಿ ಮಾತು ಸುಮ್ನೆ ಬಿಡಬೇಡಿ. ಆ ಸೂಲಿನ ಇನ್ನೆರಡು ಮನೆ ಕೇಳಿ. ಅಲ್ಲೂ ಬಾತ್‌ರೂಮ್ ಕಥೆ ಬಂದರೆ ಬೇರೆ ತಾಯಿ ಹುಡುಕಿ.